ಡ್ರಿಲ್ ಮೇಷ್ಟ್ರ ಇಂಗ್ಲಿಷ್ ಕುಣಿತ

ಕೂನೂರಿನ ಒಂದು ಕ್ಲಬ್ಬಿನಲ್ಲಿ ನಾನು ಎರಡು ವರ್ಷ ತಟ್ಟೆ ತೊಳೆದಿದ್ದೆ. ತಾಳವಾಡಿಗೆ ಬಂದು ಡ್ರಿಲ್ ಮೇಷ್ಟ್ರಾದ ಮೇಲೆ ತಟ್ಟೆಗಳನ್ನು ಮರೆತು, ದೊರೆಗಳ ಜೊತೆ ಇಂಗ್ಲಿಷ್ ಡಾನ್ಸ್ ಮಾಡಿದ್ದನ್ನು ಮಾತ್ರ ನೆನಪಿಟ್ಟುಕೊಂಡೆ. ಅದು ಸುಳ್ಳಲ್ಲ. ಟೀ ಅಂಗಡಿಯಲ್ಲಿ, ಮದುವೆ ಪಂಕ್ತಿಯಲ್ಲಿ, ಹಾಸನೂರಿನಲ್ಲಿ ಬಸ್ಸು ಕೆಟ್ಟು ನಿಂತಾಗ, ಹನ್ನೆರಡು ವರ್ಷ ಹೇಳಿ ಹೇಳಿ ಆ ಕಥೆಗೆ ಒಳ್ಳೇ ಮೈ ಬಂದಿತ್ತು. ಕಥೆ ಶುರುವಾದರೆ ನನ್ನ ಹೆಂಡತಿ ಶಾಂತಮಲ್ಲಮ್ಮ ಮಾತ್ರ ಎದ್ದು ಒಲೆಯ ಕಡೆ ಹೋಗುತ್ತಿದ್ದಳು.

ಎಂಬತ್ತೊಂದರಲ್ಲಿ ಈ ಬಾಯಿಯೇ ನನ್ನನ್ನು ಸಿಕ್ಕಿಸಿತು. ತಮಿಳು ಸೀಮೆಯ ಗೋಬಿ ಎಂಬ ಊರಿನ ಕಡೆಯಿಂದ ಬಂದಿದ್ದ ಹೆಡ್‌ಮಾಸ್ಟರ್ ರಂಗಸಾಮಿಯವರು ಒಂಬತ್ತನೇ ಕ್ಲಾಸಿನ ಆರು ಹುಡುಗರ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಲು ನಿಶ್ಚಯಿಸಿದ್ದರು. ಒಬ್ಬ ಸ್ಕೂಲಿನ ಗಂಟೆಯನ್ನೇ ಕಮ್ಮಾರನಿಗೆ ಮಾರಿದ್ದ. ಇನ್ನೊಬ್ಬ ಬಸ್ಸಿಗೆ ಕಲ್ಲು ಹೊಡೆದಿದ್ದ. ಐವರು ಬೇಸಾಯದ ಮನೆಯ ಮಕ್ಕಳು. ಹೆಸರು ಹೋದರೂ ಹೊಲ ಇತ್ತು. ಆರನೆಯವನು ಚಿಕ್ಕಸಿದ್ದ, ತಾಳಮಲೆ ಕಾಡಿನ ಸೋಲಿಗರ ಹುಡುಗ, ಹಾಸ್ಟೆಲ್ಲಿನಲ್ಲಿದ್ದ. ಅವನು ಯಾರಿಗೂ ಏನೂ ಮಾಡಿದವನಲ್ಲ. ಬೈದರೆ ಮಾತಾಡದೆ ಗೇಟು ದಾಟಿ ಕಾಡಿಗೆ ನಡೆಯುತ್ತಿದ್ದ. ಬರುವುದು ಹತ್ತು ಹದಿನೈದು ದಿನದ ಮೇಲೆ. ಹೆಸರು ಹೋದರೆ ಹಾಸ್ಟೆಲ್ಲಿನ ಊಟವೂ ಹೋಯಿತು, ಅಕ್ಷರವೂ ಹೋಯಿತು. ಅವನ ತಾಯಿ ಕೇತಮ್ಮ ನಡೆದು ಬಂದು ಜಗುಲಿಯಲ್ಲಿ ಒಂದು ಹಗಲು ಪೂರ್ತಿ ಕೂತಿದ್ದಳು. ಎದುರು ಬಂದ ಮೇಷ್ಟ್ರಿಗೆಲ್ಲ ಒಂದೇ ಮಾತು: "ಎಸ್ರು ಒಂದು ಇರ್ಲಿ ಸಾ."

ಆರು ಜನವನ್ನೂ ನನಗೆ ಕೊಡಿ, ಇಂಗ್ಲಿಷ್ ಡಾನ್ಸ್ ಕಲಿಸಿ ದಾರಿಗೆ ತರುತ್ತೇನೆ ಎಂದು ನಾನು ಮೀಟಿಂಗಿನಲ್ಲಿ ಹೇಳಿಬಿಟ್ಟೆ. ಕೇತಮ್ಮನನ್ನು ನೋಡಿ ಮನಸ್ಸು ಕರಗಿ ಹೇಳಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡೆ. ನಿಜವಾಗಿ, ಸತ್ಯಮಂಗಲದಿಂದ ಹೊಸದಾಗಿ ಬಂದಿದ್ದ ಸೈನ್ಸ್ ಮೇಷ್ಟ್ರು ಪಕ್ಕದಲ್ಲಿ ಕೂತಿದ್ದರು. ಅವರಿನ್ನೂ ನನ್ನ ಕಥೆ ಕೇಳಿರಲಿಲ್ಲ.

ಹೆಡ್‌ಮಾಸ್ಟರು ಷರತ್ತು ಹಾಕಿದರು. ನಲವತ್ತು ದಿನ ಪಾಠ, ನಲವತ್ತನೆಯ ದಿನ ಆಂಡು ವಿಳಾ, ಅಂದರೆ ವಾರ್ಷಿಕೋತ್ಸವ. ನಡುವೆ ಒಂದು ದಿನ ಪಾಠ ತಪ್ಪಿಸಿ ಗೇಟು ದಾಟಿ ಹೋದವನ ಹೆಸರು ಹೋಯಿತು.

ಸಂಜೆ ನಾಲ್ಕಕ್ಕೆ ಮೈದಾನದಲ್ಲಿ ಪಾಠ. ಸಂಗೀತವಿಲ್ಲ, ನನ್ನ ಸೀಟಿಯೇ ಸಂಗೀತ: ಒಂದು ಉದ್ದ, ಎರಡು ಗಿಡ್ಡ. ಆರು ಜನರನ್ನು ಸಾಲಾಗಿ ನಿಲ್ಲಿಸಿ ಹೆಜ್ಜೆ ತೋರಿಸಿದೆ. ಹತ್ತು ದಿನದಲ್ಲಿ ಎಲ್ಲರಿಗೂ ಬಂತು. ಬೀಗಿ ಸೈನ್ಸ್ ಮೇಷ್ಟ್ರನ್ನು ಕರೆದು ತೋರಿಸಿದೆ. ಹನ್ನೊಂದನೆಯ ದಿನ ಜೋಡಿ ಮಾಡಿದೆ. ತಿಗನಾರೆಯ ಪುಟ್ಟಬಸಪ್ಪನವರ ಮಗ ಮಾದೇಶ ಚಿಕ್ಕಸಿದ್ದನಿಗೆ ಜೋಡಿ. ಕೈ ಕೈ ಹಿಡಿದು ನಿಂತರು. ಸೀಟಿ ಊದಿದೆ. ಮೂರು ಜೋಡಿಯಲ್ಲೂ ಇಬ್ಬಿಬ್ಬರೂ ಹಿಂದಕ್ಕೇ ಹೋದರು. ಕೈ ಜಗ್ಗಿ, ಹಗ್ಗ ಎಳೆಯುವ ಪಂದ್ಯದ ಹಾಗೆ ಆಗಿ, ನಾಲ್ವರು ಕುಂಡೆ ಊರಿದರು. ನೆಲ ಇಳಿಜಾರು ಎಂದೆ. ಜಾಗ ಬದಲಿಸಿದೆ. ಅಲ್ಲೂ ಬಿದ್ದರು. ನಿಮಗೆ ಶ್ರದ್ಧೆಯಿಲ್ಲ ಎಂದು ಬೈದೆ.

ಎರಡು ದಿನ ಹೀಗೇ ನಡೆಯಿತು. ಮೂರನೆಯ ದಿನ, ಅದುವರೆಗೆ ನನ್ನ ಹತ್ತಿರ ಬಾಯಿಯೇ ಬಿಡದಿದ್ದ ಚಿಕ್ಕಸಿದ್ದ ಮಣ್ಣು ಕೊಡವಿಕೊಂಡು ಕೇಳಿದ.

"ಅಲ್ಲಿ ನಿಮ್ ಜೊತೆ ಕುಣೀತಿದ್ದೋರು ಯಾವ ಕಡಿಕ್ ಓಯ್ತಿದ್ರು ಸಾ?"

"ನನ್ನ ಕಡೆಗೆ."

"ಅಂಗಾರೆ ಇಂದಿಂದಕ್ ಓಯ್ತಿದ್ದೋರು ನೀವಾ?"

ಹಿಂದಕ್ಕೆ ಹೋಗುವುದು ಹೆಂಗಸರ ಹೆಜ್ಜೆ ಎಂಬುದು ನನ್ನ ಬಾಯಿಂದಲೇ ಜಾರಿಬಿಟ್ಟಿತು. ಆ ಕ್ಲಬ್ಬಿನಲ್ಲಿ ಒಬ್ಬ ಮುದುಕಿ ಮೇಡಂ, ಹೊಸದಾಗಿ ಬಂದ ಎಸ್ಟೇಟ್ ಮ್ಯಾನೇಜರುಗಳಿಗೆ ಭಾನುವಾರ ಮಧ್ಯಾಹ್ನ ಡಾನ್ಸ್ ಕಲಿಸುತ್ತಿದ್ದಳು. ಹೆಂಗಸರು ಸಾಲುತ್ತಿರಲಿಲ್ಲ. ಆಗ ನನಗೆ ಮೀಸೆ ಬಂದಿರಲಿಲ್ಲ, ಸೊಂಟ ಸಣ್ಣಗಿತ್ತು. ತಟ್ಟೆ ಇಟ್ಟು ಬಾ ಎಂದು ಕರೆದು, ಹೆಂಗಸಿನ ಜಾಗದಲ್ಲಿ ದೊರೆಯ ಮುಂದೆ ನಿಲ್ಲಿಸುತ್ತಿದ್ದಳು. ಹನ್ನೆರಡು ವರ್ಷ ಕಥೆ ಹೇಳುವಾಗ ನಾನು ಈ ಒಂದನ್ನು ಬಿಟ್ಟು ಬಿಟ್ಟು ಹೇಳಿ, ಕಡೆಗೆ ನನಗೇ ಮರೆತುಹೋಗಿತ್ತು.

"ಮೇಷ್ಟ್ರು ಎಂಗ್ಸಾಗಿದ್ರು ಕಣ್ಲಾ," ಅಂದ ಮಾದೇಶ.

ಮಾರನೆಯ ದಿನ ಆರೂ ಜನ ಬಂದರು, ಆದರೆ ಕುಣಿಯುವುದಿಲ್ಲ ಎಂದು ಕೂತರು. ಹೆಂಗಸರ ಹೆಜ್ಜೆ ಹಾಕಿದರೆ ಊರಲ್ಲಿ ತಲೆ ಎತ್ತಿ ತಿರುಗುವುದು ಹೇಗೆ ಎಂದು ಅವರ ವಾದ. ನಾನಂತೂ ಹನ್ನೆರಡು ವರ್ಷ ತಲೆ ಎತ್ತಿಯೇ ತಿರುಗಿದ್ದೆ. ಪಾಠ ನಿಂತರೆ ಷರತ್ತೂ ಅಲ್ಲಿಗೆ ಮುಗಿಯಿತು. ಹೆಡ್‌ಮಾಸ್ಟರ ಕೆಂಪು ಪೆನ್ನು ಮೇಜಿನ ಮೇಲೇ ಇತ್ತು. ಆಗ ಎದ್ದವನು ಚಿಕ್ಕಸಿದ್ದ.

"ಎಂಗುಸ್ರದಲ್ಲ ಕಣ್ಲಾ ಇದು. ಆನೆ ಎದುರಿಗ್ ಬಂದ್ರೆ ಏನ್ಲಾ ಮಾಡೀಯ? ಬೆನ್ ಕೊಟ್ಟು ಓಡುದ್ರೆ ಸತ್ತೆ. ನಮ್ಮಪ್ಪ ಅದ್ರ ಕಣ್ಣೇ ನೋಡ್ಕಂಡು ಇಂಗೇ ಒಂದೊಂದೆಜ್ಜೆ ಇಂದಕ್ ಬತ್ತಾನೆ. ಒಬ್ಬ ಆನೆ ಆಗ್ಬೇಕು, ಅಷ್ಟೇಯ."

ಹೇಳಿ, ತಾನೇ ಆನೆಯಾದ. ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಹೊರಳಿಸುತ್ತ, ಅವಸರವಿಲ್ಲದೆ ಮಾದೇಶನ ಮೇಲೆ ಬಂದ. ರಾಗಿ ಹೊಲ ಕಾದು ಬೆಳೆದ ಮಾದೇಶನಿಗೆ ಹಿಂದೆ ಸರಿಯುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರ ಸುತ್ತಿ ತಪ್ಪಿಸಿಕೊಳ್ಳುವ ಹಾಗೆ ಇಬ್ಬರೂ ಒಂದು ಸುತ್ತು ತಿರುಗಿದರು. ಮುದುಕಿ ಮೇಡಂ ನೋಡಿದ್ದರೆ ತಲೆದೂಗುತ್ತಿದ್ದಳು. ನಾನು ಹೆಡ್‌ಮಾಸ್ಟರ ಹತ್ತಿರ ಹೋಗಿ, ಮೊದಲು ಎಲ್ಲರಿಗೂ ಹಿಂದಿನ ಹೆಜ್ಜೆ ಕಲಿಸುವುದೇ ಇದರ ಕ್ರಮ ಎಂದು ವರದಿ ಒಪ್ಪಿಸಿದೆ.

ಮೂವತ್ತೊಂಬತ್ತು ದಿನ ಕಳೆಯಿತು. ಚಿಕ್ಕಸಿದ್ದ ಒಂದು ದಿನವೂ ಗೇಟು ದಾಟಲಿಲ್ಲ.

ನಲವತ್ತನೆಯ ದಿನ ಮಧ್ಯಾಹ್ನ ಶಾಮಿಯಾನದ ಕೆಳಗೆ ಊರೆಲ್ಲ ಕೂತಿತ್ತು. ಹಿಂದೆ ಗೋಡೆಗೊರಗಿ ಕೇತಮ್ಮ. ಮುಂದಿನ ಸಾಲಿನಲ್ಲಿ ಪುಟ್ಟಬಸಪ್ಪನವರು; ಅವರು ನನ್ನ ಹೆಂಡತಿಗೆ ಸೋದರಮಾವ. ಹುಡುಗರು ವೇದಿಕೆ ಹತ್ತುವ ಹೊತ್ತಿಗೆ ಅವರು ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಓಡಿಹೋದೆ. ಅವರು ಸಿಟ್ಟಾಗಿರಲಿಲ್ಲ. ಹೆಗಲ ಮೇಲಿನ ಟವಲು ಸರಿಮಾಡಿಕೊಳ್ಳುತ್ತ ಸಮಾಧಾನವಾಗಿಯೇ ಹೇಳಿದರು.

"ಕುಣೀಲಿ ಬುಡಿ ಅಳಿಮಯ್ಯ, ಬ್ಯಾಡ ಅಂದೋರ್ಯಾರು. ಸಭೇಲಿ ಆ ಸೋಲಿಗ್ರ ಐದನ ಕೈ ಇಡ್ಕಂಡು ಮಾತ್ರ ಬ್ಯಾಡ."

ಮಾದೇಶ ತಲೆ ತಗ್ಗಿಸಿದ. ಮೇಲೆ ಎರಡು ಜೋಡಿ ನಿಂತಿತ್ತು, ಪಕ್ಕದಲ್ಲಿ ಚಿಕ್ಕಸಿದ್ದ ಒಬ್ಬನೇ. ಅವನಿಗೆ ಮಾತು ಕೇಳಿಸಿತ್ತು. ಅವನು ಗೇಟಿನ ಕಡೆ ನೋಡಿದ. ಗೇಟಿನಾಚೆ ತಾಳಮಲೆಯ ದಾರಿ. ಮೇಜಿನ ಹತ್ತಿರ ಹೆಡ್‌ಮಾಸ್ಟರು ಹಾಜರಿ ಪುಸ್ತಕ ತೆರೆದಿದ್ದರು.

ಆಗ ನನಗೊಂದು ವಿಷಯ ಹೊಳೆಯಿತು, ಹೊಳೆಯದಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಉಳಿದ ಐವರ ಮೊಳಕೈಯನ್ನು ಇಷ್ಟು ದಿನ ನಾನು ಕೈಯಿಂದಲೇ ಎತ್ತಿ ಸರಿಮಾಡಿದ್ದೆ. ಚಿಕ್ಕಸಿದ್ದನದನ್ನು ಬೆತ್ತದ ತುದಿಯಿಂದ. ಬೇಕೆಂದು ಮಾಡಿದ್ದಲ್ಲ. ಬೇಕೆಂದು ಮಾಡಿದ್ದರೆ ಗೊತ್ತಾದರೂ ಆಗುತ್ತಿತ್ತು. ಪುಟ್ಟಬಸಪ್ಪನವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಬಾಯಿಬಿಡದೆ ದಿನವೂ ಹೇಳಿದ್ದೆ, ಅವನು ಕೇಳಿಕೊಂಡು ಮಾರನೆಯ ದಿನ ಮತ್ತೆ ಬಂದಿದ್ದ.

ಬೆತ್ತವನ್ನು ಅಲ್ಲೇ ಹಾಕಿ ವೇದಿಕೆ ಹತ್ತಿದೆ. ಹಿಂದಿನ ಹೆಜ್ಜೆ ನನಗೆ ಬರುತ್ತೆ ಎಂದು ಹೇಳಿ ಕೈ ಚಾಚಿದೆ. ಅವನು ನನ್ನ ಕೈಯನ್ನು ನೋಡಿದ. ಹಿಡಿದಾಗ ಅವನ ಅಂಗೈ ಬೆವೆತಿತ್ತು. ನನ್ನದು ಅದಕ್ಕಿಂತ ಹೆಚ್ಚು.

ಮೂವತ್ತೆಂಟು ವರ್ಷದ, ಹುರಿ ಮೀಸೆಯ, ಹೊಟ್ಟೆ ಬಂದ ಡ್ರಿಲ್ ಮೇಷ್ಟ್ರು ಸಭೆಯ ಮುಂದೆ ಹೆಣ್ಣಿನ ಹೆಜ್ಜೆ ಹಾಕಿದರೆ ಏನಾಗಬೇಕೋ ಅದಾಯಿತು. ಶಾಮಿಯಾನ ಹಾರಿಹೋಗುವಂತೆ ನಕ್ಕರು. ಸೈನ್ಸ್ ಮೇಷ್ಟ್ರು ಕಣ್ಣೊರೆಸಿಕೊಂಡು ನಕ್ಕರು. ಆನೆ ಮಾತ್ರ ನಗಲಿಲ್ಲ. ನನ್ನ ಕಣ್ಣೇ ನೋಡುತ್ತ ನಿಧಾನವಾಗಿ ಮುಂದೆ ಬಂತು. ನನ್ನ ಒಂದು ಹೆಜ್ಜೆಯೂ ತಪ್ಪಲಿಲ್ಲ. ಅದೊಂದು ವಿದ್ಯೆ ನನಗೆ ನಿಜವಾಗಿ ಬರುತ್ತಿತ್ತು.

ಕೆಳಗಿಳಿದಾಗ ಶಾಂತಮಲ್ಲಮ್ಮ ನನ್ನನ್ನೇ ಕಾಯುತ್ತಿದ್ದಳು. "ಈ ಕತೆ ಯೋಳಿದ್ರೆ ನಾ ಎದ್ದೋಯ್ತಿರ್ನಿಲ್ಲ," ಅಂದಳು. ಪುಟ್ಟಬಸಪ್ಪನವರು ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ.

ಹೆಡ್‌ಮಾಸ್ಟರು ಹಾಜರಿಯ ನಲವತ್ತು ಗೆರೆಗಳನ್ನು ಎರಡು ಸಲ ಎಣಿಸಿ ಆರೂ ಹೆಸರು ಉಳಿಸಿದರು. ಆದರೆ ನಲವತ್ತೊಂದನೆಯ ದಿನಕ್ಕೆ ಷರತ್ತಿರಲಿಲ್ಲ. ಅವತ್ತು ಪ್ರಾರ್ಥನೆಯ ಸಾಲಿನಲ್ಲಿ ಚಿಕ್ಕಸಿದ್ದ ಕಾಣಲಿಲ್ಲ. ಹೋದನಲ್ಲ ಎಂದು ಗೇಟಿನ ತನಕ ಓಡಿದೆ, ದಾರಿಯಲ್ಲಿ ಯಾರೂ ಇರಲಿಲ್ಲ. ವಾಪಸ್ಸು ಬರುವಾಗ ಕಟ್ಟಡದ ಹಿಂದೆ ಸದ್ದಾಯಿತು. ಅಲ್ಲಿ ಮಾದೇಶ ಮತ್ತು ಅವನು ಕೈ ಹಿಡಿದು ನಿಂತಿದ್ದರು. ಮಾದೇಶ ಆನೆಯಾಗಲು ಹೆಣಗುತ್ತಿದ್ದ.

"ಆನೆಗೆ ಅವಸ್ರ ಇಲ್ಲ ಕಣ್ಲಾ," ಎನ್ನುತ್ತಿದ್ದ ಚಿಕ್ಕಸಿದ್ದ. ನನ್ನನ್ನು ಕಂಡವನು ಕೈ ಬಿಡದೆ ಹೇಳಿದ, "ಇವುನ್ಗೆ ಬರೋಗಂಟ ಕ್ಲಾಸಿಗೆ ಬರಾಕಿಲ್ಲ ಸಾ. ಆಮೇಲ್ ಬತ್ತೀವಿ."

ಒಳಗೆ ಹೋಗಿ ಹೆಡ್‌ಮಾಸ್ಟರಿಗೆ, ಇಬ್ಬರೂ ನನ್ನ ಅಪ್ಪಣೆಯ ಮೇಲೆ ಹೊರಗಿದ್ದಾರೆ ಎಂದು ಹೇಳಿದೆ.