ಚಿಕ್ಕಮಾದಮ್ಮ ಜಪಾನಿಯಲ್ಲಿ ಹೇಳಿದ್ದು

ಶಾಹಿಸ್ತಾ ಆ ಮಾತನ್ನು ಬೇಕೆಂದೇ ಬದಲಿಸಿದಳು. ಬಾಯಿ ತಪ್ಪಿ ಬಂದದ್ದಲ್ಲ.

ಹೆಜ್ಜೇನಿನ ಅಧ್ಯಯನಕ್ಕೆ ಬಂದಿದ್ದ ಮೊರಿತಾ ಎಂಬ ಜಪಾನಿನ ಪ್ರಾಧ್ಯಾಪಕಿಗೆ ಅವಳು ದುಭಾಷಿ. ಅಂತರಸಂತೆಯ ಆಚೆ, ಕಾಡಿನಿಂದ ಹೊರಗೆ ತಂದವರಿಗೆಂದು ಕಟ್ಟಿಕೊಟ್ಟ ಹಾಡಿಯಲ್ಲಿ, ಚಿಕ್ಕಮಾದಮ್ಮನ ಮನೆಯ ಮುಂದೆ ಮೂವರೂ ಚಾಪೆ ಹಾಸಿ ಕೂತಿದ್ದರು. ಈಗಲೂ ಕಾಡಿನೊಳಗೆ ಹೋಗುತ್ತೀರಾ ಎಂದು ಮೊರಿತಾ ಕೇಳಿದರು. ಶಾಹಿಸ್ತಾ ಅದನ್ನು ಕನ್ನಡದಲ್ಲಿ ಹೇಳಿದಳು.

"ಓಗ್ದೆ?" ಎಂದಳು ಚಿಕ್ಕಮಾದಮ್ಮ. "ವರ್ಸಕ್ಕೊಂದ್ ಸಲ ಓಯ್ತೀನಿ. ನಮ್ ಯಜಮಾನ್ನ ಮಣ್ಮಾಡಿರದು ಅಲ್ಲೇ ಕಣವ್ವ. ಕಲ್ಲು ಅಲ್ಲೇ ಐತೆ. ಒಸ ಜೇನು ಬಂದ್ರೆ ಮೊದ್ಲು ಆ ಕಲ್ಮೇಲೆ ಇಕ್ಬೇಕು. ಸತ್ತೋರ್ಗೆ ಇಕ್ಕದೆ ನಾವ್ ತಿನ್ನಂಗಿಲ್ಲ."

ಮೊರಿತಾ ಪೆನ್ನು ಹಿಡಿದು ಕಾಯುತ್ತಿದ್ದರು. ಅವರ ವರದಿಯ ಒಂದು ಪ್ರತಿ ಅರಣ್ಯ ಇಲಾಖೆಗೂ ಹೋಗುತ್ತದೆ ಎಂಬುದು ಶಾಹಿಸ್ತಾಗೆ ಗೊತ್ತಿತ್ತು. ಅನುಮತಿಯಿಲ್ಲದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಆ ದಾರಿಯ ಗೇಟಿನಲ್ಲಿ ದಿನಗೂಲಿ ವಾಚರ್ ಆಗಿದ್ದವನು ಚಾಮಯ್ಯ, ಚಿಕ್ಕಮಾದಮ್ಮನ ಒಬ್ಬನೇ ಮಗ. ತಾಯಿ ವರ್ಷವರ್ಷವೂ ಒಳಗೆ ಹೋಗುತ್ತಾಳೆಂದರೆ ಯಾರು ಬಿಡುತ್ತಾರೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

"ಮುಕಶಿ ವಾ ಯೋಕು ಮೊರಿ ಎ ಇತ್ತ ಮೊನೊ ದೆಸು" ಎಂದಳು ಶಾಹಿಸ್ತಾ.

ಹಿಂದೆಲ್ಲ ಆಗಾಗ ಕಾಡಿಗೆ ಹೋಗುತ್ತಿದ್ದೆವು ಎಂದು ಅದರ ಅರ್ಥ. ಆದರೆ ನಮ್ಮ ‘ಹೋಗುತ್ತಿದ್ದೆವು’ ಬರೀ ಸುದ್ದಿಯೂ ಆಗಿರಬಹುದು. ಕೊನೆಯಲ್ಲಿ ಆ ‘ಮೊನೊ ದೆಸು’ ಸೇರಿದರೆ ಹೇಳುವವರು ಒಂದು ಕ್ಷಣ ನಿಂತು, ಹಿಂದೆ ತಿರುಗಿ ನೋಡಿ, ನಿಟ್ಟುಸಿರು ಬಿಟ್ಟಂತೆ ಕೇಳುತ್ತದೆ. ಹುಣಸೂರಿನಲ್ಲಿ ಬಿ.ಎಸ್ಸಿ. ಓದುತ್ತ ಆನ್‌ಲೈನ್ ತರಗತಿಯಲ್ಲಿ ಜಪಾನಿ ಕಲಿಯುವಾಗ ಅವಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಪಾಠ ಅದು. ಬಾಲ್ಯದ ಒಂದು ರೂಢಿಯನ್ನು ಹಾಗೆ ಹೇಳಿ ಎಂದು ಶಿಕ್ಷಕಿ ಕೇಳಿದ್ದಾಗ, ತಾತ ಅಸದುಲ್ಲಾ ಅಂಗಡಿಯ ಬಾಗಿಲಲ್ಲಿ ಜೇನಿನ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದುದನ್ನು ಹೇಳಿದ್ದಳು. ಆ ಜೇನನ್ನು ಡಬ್ಬದಲ್ಲಿ ಹೊತ್ತು ತರುತ್ತಿದ್ದವಳು ಇದೇ ಚಿಕ್ಕಮಾದಮ್ಮ. ತೂಕವಾಗುವವರೆಗೆ ಪುಟ್ಟ ಶಾಹಿಸ್ತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಗಿಯಲು ಮೇಣದ ತುಂಡು ಕೊಡುತ್ತಿದ್ದಳು. ಆ ಅಂಗಡಿಯಲ್ಲೀಗ ಪ್ಲಾಸ್ಟಿಕ್ ಬಕೆಟ್ಟು, ಕೊಡ ಮಾರುತ್ತಾರೆ. ಅಂದಿನವರೆಗೆ ಶಾಹಿಸ್ತಾ ‘ಮೊನೊ ದೆಸು’ವನ್ನು ನಿಜವಾಗಿಯೂ ಮುಗಿದುಹೋದದ್ದಕ್ಕೆ ಮಾತ್ರ ಬಳಸಿದ್ದಳು. ಇನ್ನೂ ಉಸಿರಾಡುತ್ತಿರುವ ರೂಢಿಯೊಂದಕ್ಕೆ ಅದನ್ನು ತೊಡಿಸಿದ್ದು ಅದೇ ಮೊದಲು.

ಮೊರಿತಾ ಬರೆಯುವುದನ್ನು ನಿಲ್ಲಿಸಿ ಚಿಕ್ಕಮಾದಮ್ಮನಿಗೆ ತಲೆಬಾಗಿದರು. ಅವರ ಕಣ್ಣು ತುಂಬಿತ್ತು.

"ಯಾಕವ್ವ, ಆಯಮ್ಮ ಕಣ್ಣೀರಾಕ್ತಾವ್ಳೆ? ನಾನೇನಂದೆ ಅಂತಾದ್ದ?"

"ನಿಮ್ ಯಜಮಾನ್ರು ಇಲ್ಲ ಅಂತ ಕೇಳಿ ಬೇಜಾರಾಯ್ತಂತೆ ಅಜ್ಜಿ."

"ಅಯ್ಯೋ ಪಾಪ. ನಾನೇ ಅಳದ್ ಬುಟ್ಟು ಶ್ಯಾನೆ ವರ್ಸಾಯ್ತು. ಇವ್ಳ ಗಂಡ ಅವ್ನಾ ಕೇಳು."

"ಅದೆಲ್ಲ ಕೇಳ್ಬಾರ್ದು ಅಜ್ಜಿ."

ಮುಂದಿನ ಚಳಿಗಾಲದಲ್ಲಿ ಹಾಡಿಯ ಸಮುದಾಯ ಭವನದಲ್ಲಿ ಸಭೆ ಸೇರಿತು. ತಮ್ಮ ಸತ್ತವರ ಕಲ್ಲುಗಳಿರುವ ಜಾಗಕ್ಕೆ ಹೋಗಿಬರುವ ಹಕ್ಕನ್ನು ಮಾನ್ಯ ಮಾಡಬೇಕೆಂದು ಹಾಡಿಯವರು ಅರ್ಜಿ ಕೊಟ್ಟಿದ್ದರು. ಅದರ ವಿಚಾರಣೆ ಅಂದು. ಮೊರಿತಾ ಕಳುಹಿಸಿದ್ದ ಫೋಟೋಗಳನ್ನು ಮನೆಮನೆಗೆ ಕೊಡಲು ಬಂದಿದ್ದ ಶಾಹಿಸ್ತಾ ಹಿಂದಿನ ಸಾಲಿನಲ್ಲಿ ಕೂತಳು.

ವಿಚಾರಣೆಗೆ ಬಂದಿದ್ದ ಅಧಿಕಾರಿ ಒಳ್ಳೆಯ ಮನುಷ್ಯ, ಮೆಲುದನಿಯವರು. "ನೋಡಿ, ಹಕ್ಕು ಅಂತ ಕೊಡ್ಬೇಕಾದ್ರೆ ರೂಢಿ ಈಗ್ಲೂ ನಡೀತಾ ಇರ್ಬೇಕು" ಎಂದರು. "ಜಪಾನಿನವರು ವರದಿ ಕೊಟ್ಟಿದ್ದಾರೆ. ಚಿಕ್ಕಮಾದಮ್ಮ ಅನ್ನೋರು ಹೇಳಿದ್ದು ಅಂತ ಇದೆ. ಹಿಂದೆ ಹೋಗ್ತಾ ಇದ್ರು, ಈಗ ಅದೊಂದು ಸವಿನೆನಪು ಅಂತ."

ಚಿಕ್ಕಮಾದಮ್ಮ ಎದ್ದು ನಿಂತಳು. "ಯಾವೋನ್ಲಾ ಅಂಗಂದೋನು? ನೆಪ್ಪಂತೆ ನೆಪ್ಪು! ಓದ್ ವರ್ಸವೂ ಓಗಿವ್ನಿ ನಾನು!"

"ಹೌದಾ? ಹಾಗಾದ್ರೆ ಒಳ್ಳೇದೇ ಆಯ್ತು, ಬರ್ಕೋತೀನಿ. ಯಾವ ದಾರೀಲಿ ಹೋದ್ರಿ?"

"ಇದೇ ಗೇಟ್..." ಎಂದವಳು ಅಲ್ಲಿಗೇ ನಿಂತಳು.

ಚಾಮಯ್ಯ ಖಾಕಿ ಅಂಗಿಯಲ್ಲಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಅವನು ನಿಲ್ಲುವ ಗೇಟು ಯಾವುದೆಂದು ಅಲ್ಲಿ ಗೊತ್ತಿಲ್ಲದವರು ಅಧಿಕಾರಿ ಒಬ್ಬರೇ. ಯಾರೋ ಕೆಮ್ಮಿದರು.

"ಹೇಳಿ ಅಮ್ಮ, ಯಾವ ಗೇಟು?"

ಚಿಕ್ಕಮಾದಮ್ಮ ಮಗನ ಕಡೆ ನೋಡಿದಳು. ಆಮೇಲೆ, "ಓಯ್ತಿದ್ದೊ ಸ್ವಾಮಿ. ಆಗ" ಎಂದಳು.

"ಹೋದ ವರ್ಷ ಅಂದ್ರಲ್ಲ?"

"ವಯಸ್ಸಾಯ್ತು. ವರ್ಸ ಗಿರ್ಸ ಎಲ್ಲ ಕಲ್ಸೋಯ್ತದೆ."

ಶಾಹಿಸ್ತಾ ಎದ್ದು ನಿಂತದ್ದು ಯೋಚಿಸಿ ಅಲ್ಲ. ಚಾಮಯ್ಯ ಆ ಹೊತ್ತಿನಲ್ಲಿ ಅವಳ ತಲೆಯಲ್ಲೇ ಇರಲಿಲ್ಲ. "ಸರ್, ವರದೀಲಿರೋದು ಅಜ್ಜಿ ಹೇಳಿದ್ದಲ್ಲ. ಜಪಾನೀಲಿ ಹೇಳೋವಾಗ ನಾನೇ ಬದಲಾಯಿಸ್ದೆ."

ಅಧಿಕಾರಿ ಕನ್ನಡಕ ತೆಗೆದು ಅವಳತ್ತ ನೋಡಿದರು. "ಅಂದ್ರೆ ಇವರು ಈಗ್ಲೂ ಹೋಗ್ತಾರೆ ಅಂತಲಾ?"

ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಮಾದಮ್ಮ ಮಾತಾಡಿದಳು. "ಅದ್ಕೆ ನಮ್ ಮಾತು ತಿಳಿಯಾಕಿಲ್ಲ ಸ್ವಾಮಿ. ಪ್ಯಾಟೆ ಮಗ, ಸಾಬ್ರ ಉಡ್ಗಿ. ಸಾಲ್ದು ಅಂತ ಜಪಾನು ಬ್ಯಾರೆ ಓದೈತೆ. ತಲೆ ಎಲ್ಲಿ ನಿಂತದು?"

ಭವನದ ತುಂಬ ನಗು ಎದ್ದಿತು. ಅಧಿಕಾರಿಯೂ ನಕ್ಕರು. ಶಾಹಿಸ್ತಾ ಕೂತಳು. ಅಕ್ಷರ ಕಲಿಯುವ ಮೊದಲೇ ಅವಳು ಅಜ್ಜಿಯ ಪಕ್ಕ ಕೂತು ಕಿವಿಗೊಟ್ಟು ಕೇಳಿದ್ದ ಆಡುಮಾತು ಅದು. ತನಗೆ ತಿಳಿಯುತ್ತದೆ ಎಂದು ಈಗ ಹೇಳುವಂತಿರಲಿಲ್ಲ. ಹೇಳಿದರೆ ಒಂದು ಮನೆಯ ಅನ್ನ ಹೋಗುತ್ತಿತ್ತು. ಇನ್ನಷ್ಟು ಸಾಕ್ಷ್ಯ ಬೇಕೆಂದು ಅರ್ಜಿಯನ್ನು ಮುಂದಕ್ಕೆ ಹಾಕಿದರು. ಸಾಕ್ಷ್ಯ ಹೇಳಬಲ್ಲವರೆಲ್ಲ ಅದೇ ಗೇಟು ದಾಟಿದವರು. ಹಾಗಾಗಿ ಅದು ಮುಂದಕ್ಕೆ ಹೋದದ್ದಲ್ಲ, ಮುಗಿದದ್ದು ಎಂದು ಎಲ್ಲರಿಗೂ ಅರ್ಥವಾಯಿತು.

ಹೊರಗೆ ಹೊಂಗೆಮರದ ಬುಡದಲ್ಲಿ ಚಿಕ್ಕಮಾದಮ್ಮ ಒಬ್ಬಳೇ ಕೂತಿದ್ದಳು. ಶಾಹಿಸ್ತಾ ಹತ್ತಿರ ಹೋಗಿ ನಿಂತಳು.

"ಅಜ್ಜಿ, ಚಾಮಯ್ಯಣ್ಣನ ಕೆಲ್ಸಕ್ಕೆ ತೊಂದ್ರೆ ಆಗ್ಬಾರ್ದು ಅಂತ ಅವತ್ತು..."

"ಗೊತ್ತು ಬುಡು. ನಾನೀಗ ಅಂಗಂದಿದ್ದೂ ಅದ್ಕೇ ಅಲ್ವಾ?" ದನಿಯಲ್ಲಿ ಸಿಟ್ಟಿತ್ತು. "ಆದ್ರೆ ನನ್ನ ಕೇಳ್ಬೇಕಾಗಿತ್ತು ಕಣವ್ವ ನೀನು. ‘ಅಜ್ಜಿ, ಈ ಮಾತಾಡ್ಬ್ಯಾಡ’ ಅಂದಿದ್ರೆ ಅವತ್ತೇ ಬಾಯ್ ಮುಚ್ಕತಿದ್ದೆ. ಆಯಮ್ಮ ಓಯ್ತೀನಿ ಅಂತ್ಲೂ ಬರೀತಿರ್ನಿಲ್ಲ, ಓಗಲ್ಲ ಅಂತ್ಲೂ ಬರೀತಿರ್ನಿಲ್ಲ. ಸುಮ್ಕೆ ಓಯ್ತಾ ಬತ್ತಾ ಇದ್ದೆ."

ಅವತ್ತು ಶಾಹಿಸ್ತಾ ಎರಡು ಸಾಧ್ಯತೆಗಳನ್ನು ತೂಗಿ ನೋಡಿ ಒಂದನ್ನು ಆರಿಸಿಕೊಂಡೆ ಎಂದುಕೊಂಡಿದ್ದಳು. ಸುಮ್ಮನಿರುವುದು ಎಂಬ ಮೂರನೆಯದೊಂದು ಇತ್ತೆಂದು ಆಗ ತೋಚಿರಲಿಲ್ಲ.

ಚಾಮಯ್ಯ ಬೈಕ್ ತಳ್ಳಿಕೊಂಡು ಬಂದು ತಾಯಿಯ ಪಕ್ಕದಲ್ಲಿ ನಿಂತ. "ಅವ್ವ, ಇನ್ಮ್ಯಾಕೆ ಗೇಟ್ ತಾವ್ಕೆ ಬರ್ಬ್ಯಾಡ ಕಣವ್ವ. ನೀನು ಇಂಗಂದ್ಮ್ಯಾಲೆ ಎಲ್ರ ಕಣ್ಣೂ ಅಲ್ಲೇ ಇರ್ತದೆ." ಶಾಹಿಸ್ತಾಳ ಕಡೆ ನೋಡದೆ ಬೈಕ್ ಹತ್ತಿ ಹೋದ.

ಬೈಕಿನ ಸದ್ದು ಅಡಗಿದ ಮೇಲೆ ಚಿಕ್ಕಮಾದಮ್ಮ ಕೇಳಿದಳು.

"ಆ ಜಪಾನಿನಮ್ಮ ಮತ್ಯಾವಾಗ ಬತ್ತಾಳೆ?"

"ಜೇನಿನ ಕಾಲಕ್ಕೆ. ಮಳೆ ಹಿಡಿಯೋಕೆ ಮುಂಚೆ."

"ಒಳೀಕೋಗಾಕೆ ನಿಂಗೂ ಪರ್ಮಿಸನ್ ಐತಾ?"

"ಇದೆ."

"ಅಂಗಾರೆ ಈ ಸಲ ಜೇನು ನೀನೇ ಇಕ್ಬುಡು."

ಶಾಹಿಸ್ತಾಗೆ ಮೊದಲು ನೆನಪಾದದ್ದು ತಾಯಿ ಶಹನಾಜ್. ದರ್ಗಾಕ್ಕೆ ಹೋಗುವುದನ್ನೂ ಸರಿಯಲ್ಲವೆಂದು ಬಿಟ್ಟವಳು. ಮಗಳು ಯಾರದೋ ಕಲ್ಲಿನ ಮುಂದೆ ಎಡೆ ಇಟ್ಟಳೆಂದು ತಿಳಿದರೆ ಊಟ ಬಿಟ್ಟಾಳು. ಆಮೇಲೆ ಮೊರಿತಾ ನೆನಪಾದರು. ಇಲಾಖೆ ಗುರುತು ಮಾಡಿಕೊಟ್ಟ ಜಾಡು ಬಿಟ್ಟು ಕದಲಿದರೆ ಅವರ ಅನುಮತಿಯೇ ರದ್ದಾಗುತ್ತದೆ. ಆಗುವುದಿಲ್ಲ ಅಜ್ಜಿ ಎನ್ನಲು ಎರಡೂ ಸರಿಯಾದ ಕಾರಣಗಳೇ.

"ಕೈ ಮುಗೀಬ್ಯಾಡ" ಎಂದಳು ಚಿಕ್ಕಮಾದಮ್ಮ, ಅವಳ ಮುಖ ನೋಡಿ. "ನಿಮ್ಮೋರ್ಗೆ ಅದಾಗಾಕಿಲ್ಲ ಅಂತ ಗೊತ್ತು. ಇಟ್ಬುಟ್ಟು ಬಂದ್ಬುಡು, ಅಷ್ಟೆ. ತಿನ್ನೋರು ತಿಂತಾರೆ."

"ಎಲ್ಲಿದೆ ಅಂತಾನೇ ನಂಗೆ ಗೊತ್ತಿಲ್ವಲ್ಲ ಅಜ್ಜಿ." ಅದು ಒಪ್ಪಿಗೆಯೋ ತಪ್ಪಿಸಿಕೊಳ್ಳುವ ಮಾತೋ ಅವಳಿಗೇ ತಿಳಿಯಲಿಲ್ಲ.

ಚಿಕ್ಕಮಾದಮ್ಮ ಒಂದು ಕಡ್ಡಿ ಎತ್ತಿಕೊಂಡು ಮಣ್ಣಿನ ಮೇಲೆ ಗೀರು ಎಳೆದಳು. "ಕುತ್ಕ ಇಲ್ಲಿ. ಗೇಟ್ ದಾಟುದ್ರೆ ಎಡಗಡೆ ಕೆರೆ ಸಿಕ್ತದೆ. ಏರಿ ಮ್ಯಾಲೆ ಓಗ್ಬ್ಯಾಡ, ಆನೆ ನಿಂತಿರ್ತದೆ. ತೂಬಿನ ಕೆಳೀಕೇ ಇಳ್ದು ಬುಡು. ಆಮ್ಯಾಕೆ ಎಲ್ಡು ಮತ್ತಿಮರ. ಅದ್ರ ಇಂದುಗಡೆ ಸಾಲಾಗಿ ಕಲ್ಲವೆ, ನಮ್ಮೋರ್ದು ಕೊನೇದು, ವಸಿ ವಾಲ್ಕಂಡದೆ."

ಶಾಹಿಸ್ತಾ ಮಣ್ಣಿನ ಮೇಲಿನ ಗೀರುಗಳನ್ನು ನೋಡುತ್ತ ಕುಕ್ಕರುಗಾಲಲ್ಲಿ ಕೂತಳು.

"ಎಲ್ಲಿ, ಈಗ ನೀನೇಳು" ಎಂದಳು ಚಿಕ್ಕಮಾದಮ್ಮ. "ನಾನೇಳ್ದಂಗೇ ಏಳ್ಬೇಕು."