ಭವಿತಾಳ ಬಾಳೆಲೆ

"ಇಡು, ಇಡು, ಆ ಸೌಟು ಕೆಳಗೆ ಇಡು ಮಾರಾಯ್ತಿ! ನಿನ್ನ ಮಂಡೆ ಸರಿ ಉಂಟಾ?"

ಪ್ರಸನ್ನ ಕೂಗಿದ ರಭಸಕ್ಕೆ ಶೀಲಾವತಿಯ ಕೈಯಲ್ಲಿದ್ದ ಪಾಯಸದ ಬಾಲ್ದಿ ಅಲುಗಿತು. ಶಾಲೆಯ ಜಗಲಿಯಲ್ಲಿ ಎರಡು ಸಾಲು ಬಾಳೆಲೆ ಹಾಕಿತ್ತು. ದಿನಾ ಸ್ಟೀಲ್ ತಟ್ಟೆಯಲ್ಲಿ ಉಣ್ಣುವ ಮಕ್ಕಳಿಗೆ ಇವತ್ತು ಬಾಳೆಲೆ. ಫೋಟೋದಲ್ಲಿ ಎಲೆ ಚಂದ ಕಾಣುತ್ತದಂತೆ. ಸಾಲಿನ ಕೊನೆಯಲ್ಲಿ ಕುಳಿತು ಅಡುಗೆಕೋಣೆಯ ಬಾಗಿಲನ್ನೇ ನೋಡುತ್ತಿದ್ದವಳು ಐದನೇ ಕ್ಲಾಸಿನ ಭವಿತಾ, ಶೀಲಾವತಿಯ ಮಗಳು.

"ಸರ್, ನನ್ನದು ಬಡಿಸುದಲ್ವಾ? ಮೊಬೈಲಲ್ಲಿ ಅದನ್ನೇ ಒತ್ತಿದ್ದೆ."

"ಒತ್ತಿದ್ದಂತೆ! ಒತ್ತಿದವರೆಲ್ಲ ಬಡಿಸ್ಲಿಕ್ಕೆ ಇದೆಂತ ನಿಮ್ಮ ಕಾಲನಿಯ ಗಮ್ಮತ್ತಾ? ನಾಳೆ ಮಕ್ಕಳ ಮನೆಯವರು ಬಂದು ಕೇಳಿದ್ರೆ ನಾನು ಎಂತ ಹೇಳುದು? ನಿನ್ನ ಪಾತ್ರೆಗಳು ಹಿಂದೆ ಉಂಟು. ಹೋಗು."

ಪ್ರಸನ್ನ ಹೋಟೆಲು ಕಂಪನಿಯ ಮ್ಯಾನೇಜರು. ಪುತ್ತೂರಿನಲ್ಲಿ ಎರಡು, ಕಡಬದಲ್ಲಿ ಒಂದು, ಸುಳ್ಯದಲ್ಲಿ ಒಂದು ಹೋಟೆಲು ಇಟ್ಟ ಆ ಕಂಪನಿಗೆ ವರ್ಷಕ್ಕೊಮ್ಮೆ ಊರಿನ ಮೇಲೆ ಪ್ರೀತಿ ಉಕ್ಕುತ್ತದೆ. ಅದಕ್ಕೆ ಸೇವಾದಿನ ಎಂದು ಹೆಸರು. ಪ್ರೀತಿ ಕಂಪನಿಯದ್ದು, ಅದಕ್ಕೆ ಹೋಗುವ ರಜೆ ಮಾತ್ರ ಕೆಲಸದವರದ್ದು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಈ ಸಲ ಎಲ್ಲರ ಮೊಬೈಲಿಗೂ ಸಂದೇಶ ಬಂದಿತ್ತು: ಗೋಡೆಗೆ ಬಣ್ಣ, ಊಟ ಬಡಿಸುವುದು, ಸ್ವಚ್ಛತೆ, ಇದರಲ್ಲಿ ನಿಮ್ಮ ಮನಸ್ಸಿಗೆ ಬಂದ ಸೇವೆ ಆರಿಸಿ. ಸುಳ್ಯದ ಹೋಟೆಲಿನ ಹಿಂಬದಿಯಲ್ಲಿ ಆರು ವರ್ಷದಿಂದ ಪಾತ್ರೆ ತೊಳೆಯುವ ಶೀಲಾವತಿ ಅದನ್ನು ನಂಬಿಬಿಟ್ಟಳು. ಒಲೆಯ ಹತ್ತಿರಕ್ಕೂ ಕರೆಯದವರು ಮನಸ್ಸಿಗೆ ಬಂದದ್ದು ಆರಿಸು ಎಂದರೆ ನಂಬಬಾರದು ಎಂಬ ಬುದ್ಧಿ ಅವಳಿಗೆ ಆಗ ಹೊಳೆಯಲಿಲ್ಲ.

ನಂಬಿದ್ದು ಅವಳೊಬ್ಬಳೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. "ನಿನ್ನ ಅಮ್ಮ ಎಂಜಲು ತೊಳೆಯುವವಳಲ್ವಾ?" ಎಂದು ಕೇಳಿದ ಹುಡುಗಿಯರಿಗೆ ಭವಿತಾ, "ನಾಳೆ ನೋಡಿ, ನಮ್ಮೆಲ್ಲರಿಗೂ ಪಾಯಸ ಬಡಿಸುದು ನನ್ನ ಅಮ್ಮನೇ" ಎಂದು ಹೇಳಿ ಬಂದಿದ್ದಳು. ಬೆಳಗ್ಗೆ ತಾಯಿಯ ತಲೆ ಬಾಚಿ, ಮಲ್ಲಿಗೆ ಮುಡಿಸಿದ್ದೂ ಅವಳೇ.

ಹೋಟೆಲಿನ ಕೌಂಟರಿನ ಪಂಕಜಾಕ್ಷಿ ಬಂದು ಬಾಲ್ದಿ ತೆಗೆದುಕೊಂಡಳು. "ಬೇಜಾರು ಮಾಡ್ಬೇಡಿ ಶೀಲಕ್ಕ," ಎಂದಳು, ಮುಖ ನೋಡದೆ.

ಶಾಲೆಯ ಹಿಂದೆ ನೀರಿನ ನಲ್ಲಿಯ ಹತ್ತಿರ ಅನ್ನದ ಹಂಡೆಗಳು ಕಾದಿದ್ದವು. ಶೀಲಾವತಿ ಕುಕ್ಕರುಗಾಲಲ್ಲಿ ಕುಳಿತು ಉಜ್ಜತೊಡಗಿದಳು. ಕಂಪನಿ ಕೊಟ್ಟ ಹಸುರು ಟೀಶರ್ಟಿನ ಬೆನ್ನ ಮೇಲೆ 'ಕೊಡುವ ಕೈಗಳು' ಎಂದು ಬರೆದಿತ್ತು.

"ಬೇವರ್ಸಿಗಳು," ಎಂದಳು ಹಂಡೆಯೊಳಗೆ ತಲೆ ಹಾಕಿ. "ಇವರ ಎಂಜಲು ತೊಳಿಲಿಕ್ಕೆ ನನ್ನ ಕೈ ಆಗ್ತದೆ. ಬಡಿಸ್ಲಿಕ್ಕೆ ಆಗುದಿಲ್ಲ." ಹಂಡೆಗಲ್ಲದೆ ಬೇರೆ ಯಾರಿಗೂ ಕೇಳಲಿಲ್ಲ. ಕೇಳಬಾರದೆಂದೇ ಅಷ್ಟು ಮೆಲ್ಲಗೆ ಹೇಳಿದ್ದು.

ಸ್ವಲ್ಪ ಹೊತ್ತಿಗೆ ಪ್ರಸನ್ನ ಓಡಿ ಬಂದ. "ಏಯ್, ಆ ಮೂಲೆಯ ಹುಡುಗಿ ನಿನ್ನ ಮಗಳಂತೆ? ಎಲೆ ಮೇಲೆ ಎರಡೂ ಕೈ ಇಟ್ಟು ಕೂತಿದೆ, ಅಮ್ಮನೇ ಬಡಿಸ್ಬೇಕಂತೆ! ಕಂಪನಿಯ ಧಣಿಗಳು ಸೌಟು ಹಿಡಿದು ನಿಂತಿದ್ದಾರೆ, ಪೇಪರಿನವರು ಉಂಟು. ಮರ್ಯಾದಿಯಲ್ಲಿ ಬಂದು ಕೈ ತೆಗೆಸು. ಇಲ್ಲದಿದ್ರೆ ನಾಳೆಯಿಂದ ಮನೆಯಲ್ಲೇ ಕೂತು ಮಗಳಿಗೆ ಬಡಿಸ್ತಾ ಇರು."

ಬಡಿಸಲು ಮನೆಯಲ್ಲಿ ಏನಿರುತ್ತದೆ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವಳು ಒದ್ದೆ ಕೈಯಲ್ಲೇ ಜಗಲಿ ಹತ್ತಿದಳು. ಆಗ ಬರಬಾರದಾಗಿದ್ದ ಸಾಲಿಗೆ ಈಗ ಅವಳು ಬರಲೇಬೇಕಾಗಿತ್ತು.

ಧಣಿಗಳು ಕ್ಯಾಮೆರಾಕ್ಕೆ ನಗುತ್ತಲೇ, "ಬೇಗ ಮಾರಾಯ್ತಿ" ಎಂದರು.

"ಕೈ ತೆಗಿ ಮಗ."

"ನೀನು ಬಡಿಸ್ತೇನೆ ಹೇಳಿದ್ದಲ್ವಾ ಅಮ್ಮ?"

"ಹೇಳಿದ್ದು ಹೌದು. ಈಗ ತೆಗಿ."

ಭವಿತಾ ತೆಗೆಯಲಿಲ್ಲ. ಇಡೀ ಸಾಲು ತಿರುಗಿ ನೋಡುತ್ತಿತ್ತು. ಶೀಲಾವತಿ ಬಗ್ಗಿ, ಎಲೆಗೆ ಅಂಟಿದ್ದ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕಿರುಬೆರಳು ಬಿಡಲೇ ಇಲ್ಲ. ಅದನ್ನು ಸ್ವಲ್ಪ ತಿರುಚಬೇಕಾಯಿತು. ಮಗಳು ನೋವಿನಿಂದ ತುಟಿ ಕಚ್ಚಿದಳು. ಖಾಲಿಯಾದ ಎಲೆಗೆ ಧಣಿಗಳ ಪಾಯಸ ಬಿತ್ತು.

"ಸ್ವಲ್ಪ ಆಚೆ ಸರಿಯಿರಿ," ಎಂದ ಫೋಟೋದವನು ಶೀಲಾವತಿಗೆ.

ಭವಿತಾ ತಲೆಯೆತ್ತದೆ ಅಷ್ಟನ್ನೂ ತಿಂದಳು.

ಸಂಜೆಯ ಹೊತ್ತಿಗೆ ಹೋಟೆಲಿನವರ ವಾಟ್ಸಾಪ್ ಗ್ರೂಪಿಗೆ ಫೋಟೋ ಬಂತು. ಧಣಿಗಳು, ಸೌಟು, ಬಗ್ಗಿದ ಒಂದು ಪುಟ್ಟ ತಲೆ. 'ನಿಮ್ಮೆಲ್ಲರ ಸೇವೆಯಿಂದ ಒಂದು ಮಗುವಿನ ಹೊಟ್ಟೆ ತುಂಬಿತು' ಎಂದು ಪ್ರಸನ್ನ ಬರೆದಿದ್ದ. ಎಲ್ಲರೂ ಕೈಮುಗಿಯುವ ಚಿತ್ರ ಒತ್ತಿದ್ದರು. ಯಾರು ಒತ್ತಲಿಲ್ಲ ಎಂದು ಅವನಿಗೆ ಗೊತ್ತಾಗುತ್ತದೆ. ಶೀಲಾವತಿಯೂ ಒತ್ತಿದಳು.

ಆಮೇಲೆ ಅನ್ನದ ಗಂಜಿ ಬಸಿಯದೆ ಹಾಗೇ ಇಳಿಸಿ, ಚಟ್ನಿ ಅರೆದು ಮಗಳಿಗೆ ತಟ್ಟೆ ಇಟ್ಟಳು. "ಬಾ ಮಗ, ಈಗ ನಾನೇ ಬಡಿಸುದು," ಎಂದು ನಗಲು ನೋಡಿದಳು.

ಭವಿತಾ ಬಂದು ಕುಳಿತು, ತಟ್ಟೆಯ ಮೇಲೆ ಎರಡೂ ಅಂಗೈ ಇಟ್ಟಳು.

"ಕೈ ತೆಗಿ ಮಗ."

ಮಗಳು ಅಂಗೈಗಳನ್ನು ಇನ್ನಷ್ಟು ಒತ್ತಿ ಹಿಡಿದಳು. ಕಿರುಬೆರಳು ಕೆಂಪಗೆ ಬಾತಿತ್ತು. ಸೌಟಿನಿಂದ ಗಂಜಿ ಹನಿ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ಆ ಬೆರಳುಗಳನ್ನು ಇನ್ನೊಮ್ಮೆ ಬಿಡಿಸುವ ಧೈರ್ಯ ಶೀಲಾವತಿಗೆ ಬರಲಿಲ್ಲ.