ಗಂಟೆ ಹೊಡೆಯುವ ಅಧಿಕಾರ

ವಿಶ್ವವಿದ್ಯಾಲಯವೊಂದರ ಆಡಳಿತದಲ್ಲಿ ಯುಗಕ್ಕೊಮ್ಮೆ ಮಾತ್ರ ಏಳುವಂಥ ಪ್ರಶ್ನೆಯೊಂದು ಈ ವರ್ಷ ಖಾನಾಪುರದ ಸ್ನಾತಕೋತ್ತರ ಕೇಂದ್ರದಲ್ಲಿ ಎದ್ದಿತು: ಕೊನೆಯ ತರಗತಿಯ ಗಂಟೆಯನ್ನು ಐದಕ್ಕೆ ಹೊಡೆಯಬೇಕೋ, ನಾಲ್ಕೂವರೆಗೋ?

ಎಬ್ಬಿಸಿದವಳು ಸೃಷ್ಟಿ, ಕಣಕುಂಬಿಯ ಹುಡುಗಿ, ಇತಿಹಾಸದ ಎಂ.ಎ. ಅವಳೂರಿನ ಕೊನೆಯ ಬಸ್ಸು ಐದಕ್ಕೆ ಮೊದಲೇ ಹೊರಟುಬಿಡುತ್ತದೆ. ಹಾಜರಿಯನ್ನೋ ಗಂಟೆ ಹೊಡೆದ ಮೇಲೆಯೇ ಕರೆಯಬೇಕೆಂದು ನಿಯಮ; ಮೊದಲೇ ಕರೆದರೆ ಪಾಠ ಕೇಳಲು ಬೆಂಚುಗಳಷ್ಟೇ ಉಳಿಯುತ್ತವೆ. ಬಸ್ಸು ಹಿಡಿದು ಹಿಡಿದು ಅವಳ ಹಾಜರಿ ಅಂಚಿಗೆ ಬಂದು ನಿಂತಿತ್ತು. ಇನ್ನೊಂದು ತರಗತಿ ತಪ್ಪಿದರೆ ಪರೀಕ್ಷೆ ಇಲ್ಲ.

"ಸರ, ಊಟದ ಬಿಡುವಿನ್ಯಾಗ ಅರ್ಧಾ ತಾಸು ಕಡಿಮಿ ಮಾಡಿ ಗಂಟಿ ಲಗೂ ಹೊಡಸ್ರಿ. ಬಸ್ ತಪ್ಪಿದ್ರ ಕಾಕಾ ಗಾಡಿ ತಗೊಂಡು ಬರಬೇಕು. ಈ ತಿಂಗಳ ಬರ್ತೀನಿ, ಆಮ್ಯಾಲೆ ಕಾಲೇಜ್ ಬಿಡು ಅಂದಾನ."

ಕೇಂದ್ರದ ಸಂಯೋಜಕ ಪ್ರೊಫೆಸರ್ ಚನ್ನಬಸಯ್ಯನವರು ಹಲಸಿಯ ಶಾಸನದ ಕಲ್ಲಿನ ಮೇಲೆ ಅಳಿಸಿಹೋದ ಅಕ್ಷರವನ್ನೂ ಧೈರ್ಯವಾಗಿ ಓದುವವರು. ಅಳಿಸದ ಅಕ್ಷರ ಕಂಡರೆ ಮಾತ್ರ ಹೆದರುತ್ತಿದ್ದರು.

"ಅದು ನನ್ನ ಕೈಯಾಗ ಇಲ್ಲವ್ವಾ."

"ಈಗ ಐತ್ರಿ ಸರ," ಎಂದಳು ಗುಮಾಸ್ತೆ ಪ್ರಮಿಳಾ, ಹೊಸ ಆದೇಶವನ್ನು ಮುಂದಿಟ್ಟು. ಸ್ಥಳೀಯ ವಿಷಯಗಳನ್ನು ಸಂಯೋಜಕರೇ ನಿರ್ಧರಿಸತಕ್ಕದ್ದು. ಸಂದೇಹವಿದ್ದಲ್ಲಿ ಡೀನರನ್ನು ಕೇಳತಕ್ಕದ್ದು.

"ಸಂದೇಹ ಐತಲ್ಲ ಮತ್ತ!"

"ಏನ್ ಸಂದೇಹರೀ?"

"ಸಂದೇಹ ಐತೋ ಇಲ್ಲೋ ಅಂತನ ಸಂದೇಹ."

ಪತ್ರ ಬೆಳಗಾವಿಗೆ, ಡೀನರ ಕಚೇರಿಗೆ ಹೋಯಿತು. ಅದು ತಲುಪುವ ಹೊತ್ತಿಗೆ ಡೀನರು ಕಣ್ಣಿನ ಆಪರೇಶನ್ನಿಗೆ ರಜೆ ಹಾಕಿದ್ದರು. ಹಿರಿತನದ ಮೇಲೆ ಪ್ರಭಾರ ಬಂದದ್ದು ಚನ್ನಬಸಯ್ಯನವರಿಗೇ; ಬೆಳಿಗ್ಗೆ ಬೆಳಗಾವಿ, ಮಧ್ಯಾಹ್ನ ಖಾನಾಪುರ.

ಡೀನರ ಖುರ್ಚಿ ಎತ್ತರದ್ದು, ತಿರುಗುವಂಥದ್ದು. ಅದರಲ್ಲಿ ಕೂತು ಒಂದು ಸುತ್ತು ತಿರುಗುವಷ್ಟರಲ್ಲಿ ಅಲ್ಲಿನ ಅಧೀಕ್ಷಕ ಬಸವಪ್ರಸಾದ ಆ ಪತ್ರ ತಂದಿಟ್ಟ.

"ಖಾನಾಪುರದ್ದು ಬಂದದರೀ."

"ಬರದಾಂವ ನಾನ."

"ಆವಾಗ ನೀವು ಸಂಯೋಜಕರಿದ್ರಿ."

"ಈಗೂ ಅದೀನಲ್ಲೋ ಮಾರಾಯ!"

"ಅದು ಖಾನಾಪುರದಾಗ ಸರ. ಇದು ಬೆಳಗಾವಿ."

ಮಾತು ಖರೇ ಅನ್ನಿಸಿತು. ಆ ಎತ್ತರದಿಂದ ಓದಿದಾಗ ಪತ್ರ ತೀರ ಪುಕ್ಕಲು ಮನುಷ್ಯ ಬರೆದಂತೆ ಕಂಡಿತು. ಅಧಿಕಾರ ಕೊಟ್ಟ ಮೇಲೂ ಮೇಲಿನವರನ್ನು ಕೇಳುವುದೇನು? "ಸಂಯೋಜಕರು ತಮ್ಮ ಹೊಣೆ ಅರಿತು ವರ್ತಿಸತಕ್ಕದ್ದು" ಎಂದು ಷರಾ ಬರೆದು ಮರಳಿಸಿದರು.

ಎರಡು ದಿನದ ಮೇಲೆ ಖಾನಾಪುರದಲ್ಲಿ ಅದನ್ನು ಒಡೆದು ಓದಿದ ಚನ್ನಬಸಯ್ಯನವರ ಮುಖ ಸಣ್ಣದಾಯಿತು.

"ಹಿಂಗ ಬರೀಬಾರದಾಗಿತ್ತು."

"ಬರದವರು ನೀವ ಅಲ್ರೀ ಸರ?" ಎಂದಳು ಪ್ರಮಿಳಾ.

"ಅಲ್ಲಿ ಕುಂತಾಗ ಹಂಗ ಅನಸೂದಿಲ್ಲವ್ವಾ."

ಬಾಗಿಲಲ್ಲಿ ಸೃಷ್ಟಿ ನಿಂತಿದ್ದಳು. "ಸರ, ನಾಳೆಯಿಂದ ಕಾಕಾ ಬರೂದಿಲ್ರಿ. ನಿಮ್ಮ ನಂಬರಿಗೆ ನೀವ ಒಂದು ಫೋನ್ ಹಚ್ಚಿ ಕೇಳಿಬಿಡ್ರಲ್ಲಾ."

ಪ್ರಮಿಳಾ ಫೈಲಿನ ಹಿಂದೆ ನಕ್ಕಳು. ಚನ್ನಬಸಯ್ಯನವರು ನಗಲಿಲ್ಲ. ಫೋನು ತೆಗೆದರು, ನೋಡಿದರು, ಒಳಗಿಟ್ಟರು. ಆಮೇಲೆ ಸಿಪಾಯಿ ಗುರುಸಿದ್ದನನ್ನು ಕರೆಸಿದರು.

"ಗಂಟಿ ಹೊಡ್ಯಾಂವ ಯಾರು?"

"ನಾನರೀ."

"ಹಂಗಾದ್ರ ಯಾವಾಗ ಹೊಡೀಬೇಕಂತ ನೀನ ನೋಡು."

ಗುರುಸಿದ್ದ ಹುಂಬನಲ್ಲ. "ಬರದ ಕೊಡ್ರಿ," ಎಂದ.

ಬರೆದು ಕೊಟ್ಟರು. ಗಂಟೆಯ ವೇಳೆಯನ್ನು ನಿರ್ಧರಿಸುವ ಅಧಿಕಾರವನ್ನು ಸಿಪಾಯಿಗೆ ಪ್ರದಾನ ಮಾಡಲಾಗಿದೆ. ಗುರುಸಿದ್ದ ಅದನ್ನು ಎರಡು ಸಲ ಓದಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಸಂಜೆಯೊಳಗೆ ಬೆಳಗಾವಿಯಿಂದ ರೈಲಿಗೆ ಬರುವ ಹುಡುಗರು ಅವನನ್ನು ಕ್ಯಾಂಟೀನಿಗೆ ಕರೆದೊಯ್ದು ಮಿರ್ಚಿ ತಿನ್ನಿಸಿ, ಊಟದ ಬಿಡುವಿಗೆ ಕೈ ಹಚ್ಚಬ್ಯಾಡ ಮಾಮಾ, ಐದೇ ಇರಲಿ ಎಂದರು. ಸೃಷ್ಟಿ ಬಂದು, ನಿಮ್ಮ ಮಗಳು ಅಂತ ತಿಳೀರಿ, ನಾಲ್ಕೂವರಿಗೆ ಹೊಡೀರಿ ಎಂದಳು. ಇಬ್ಬರಿಗೂ ತಲೆಯಾಡಿಸಿ, ಉಳಿದ ಮಿರ್ಚಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಅವನು ಮನೆಗೆ ಹೋದ.

ಮರುದಿನ ನಾಲ್ಕೂವರೆಗೆ ಗಂಟೆ ಹೊಡೆಯಿತು. ಚನ್ನಬಸಯ್ಯನವರು ಕದಂಬರನ್ನು ನಡುಯುದ್ಧದಲ್ಲೇ ಬಿಟ್ಟು ಹಾಜರಿ ಕರೆದರು. ಸೃಷ್ಟಿ "ಎಸ್ ಸರ್" ಎಂದು ಕೂಗಿ ಚೀಲ ಎತ್ತಿಕೊಂಡು ಬಸ್ಸಿಗೆ ಓಡಿದಳು. ಉಳಿದವರು ರೈಲಿಗೆ ಇನ್ನೂ ಹೊತ್ತಿದೆಯೆಂದು ಕೂತೇ ಇದ್ದರು. ಐದಕ್ಕೆ ಮತ್ತೆ ಗಂಟೆ ಹೊಡೆಯಿತು.

"ಏನೋ ಇದು, ಗುರುಸಿದ್ದಾ?"

"ಯಾರ ಮನಸ್ಸೂ ನೋಯಬಾರದಲ್ರೀ," ಎಂದ ಗುರುಸಿದ್ದ. "ಯಾವುದು ಖರೇ ಗಂಟಿ ಅಂತ ನೀವ ನೋಡ್ರಿ. ಅಷ್ಟು ಅಧಿಕಾರ ನಿಮಗ ವಾಪಸ್ ಕೊಟ್ಟೀನಿ."

ಯಾವುದು ಖರೇ ಎಂದು ತಿಳಿಯದೆ ಚನ್ನಬಸಯ್ಯನವರು ಮತ್ತೊಮ್ಮೆ ಹಾಜರಿ ಕರೆದರು. ಸೃಷ್ಟಿಯ ಹೆಸರಿಗೆ ಯಾರೂ ಓಗೊಡಲಿಲ್ಲ. ಸೆಮಿಸ್ಟರ್ ಮುಗಿಯುವತನಕ ದಿನವೂ ಹೀಗೇ ನಡೆಯಿತು; ಸ್ಪಷ್ಟೀಕರಣ ಕೋರಿ ಅವರು ಡೀನರಿಗೆ ಬರೆದ ಪತ್ರ ಇನ್ನೂ ಡೀನರ ಮೇಜಿನ ಮೇಲೆಯೇ ಇದೆ. ಎರಡೂ ಹಾಜರಿಗಳು ಬೆಳಗಾವಿಗೆ ಹೋದವು.

ಮೊದಲನೆಯದರ ಮೇಲೆ ಸೃಷ್ಟಿಗೆ ಹಾಲ್ ಟಿಕೆಟ್ ಬಂತು, ಪರೀಕ್ಷೆ ಬರೆದಳು. ಎರಡನೆಯದರ ಮೇಲೆ ಅವಳ ಫಲಿತಾಂಶವನ್ನು ತಡೆಹಿಡಿಯಲಾಗಿದೆ.